ಟೋಪಿ ಹಾಕಿದ ‘ಎ’

ಮೊನ್ನೆ ಒಬ್ಬರು ಕಳಿಸಿದ, ಕೋಷ್ಟಕವನ್ನು ಬರೀ ಪಠ್ಯವಾಗಿ ಇಡುವ ಸಿಎಸ್‌ವಿ ಫೈಲ್ ತೆರೆದೆ. ಇಂಗ್ಲಿಷ್ ಸಾಲುಗಳಲ್ಲಿ ಅಪಾಸ್ಟ್ರಫಿ ಇರಬೇಕಾದ ಕಡೆಯೆಲ್ಲ ಮೂರು ವಿಚಿತ್ರ ಚಿಹ್ನೆ ಕೂತಿದ್ದವು: ತಲೆ ಮೇಲೆ ಟೋಪಿ ಇಟ್ಟುಕೊಂಡ ಸಣ್ಣ ‘ಎ’ (â), ಪಕ್ಕದಲ್ಲಿ €, ಅದರ ಪಕ್ಕ ™. ನೀವೂ ನೋಡಿರ್ತೀರಿ. ನಾನು ಎಲ್ಲರೂ ಮಾಡುವುದನ್ನೇ ಮಾಡಿದೆ, ಹುಡುಕಿ ಹುಡುಕಿ ಅಳಿಸಿ ಸೇವ್ ಮಾಡಿದೆ. ಆಮೇಲೆ ಎರಡನೇ ಫೈಲ್ ಬಂತು, ಮೂರನೇದೂ ಬಂತು, ಎಲ್ಲದರಲ್ಲೂ ಅದೇ ಮೂರು, ಅದೇ ಕ್ರಮದಲ್ಲಿ. ಸುಮ್ನೆ ಕೆಟ್ಟ ಫೈಲ್ ಇಷ್ಟು ಶಿಸ್ತಾಗಿ ಕೆಡುತ್ತಾ?

ಕೂತು ಲೆಕ್ಕ ಹಾಕಿದೆ. ಕೀಬೋರ್ಡಿನ ನೇರ ಅಪಾಸ್ಟ್ರಫಿ ಅಕ್ಷರಗಳಿಗೆ ನಂಬರ್ ಕೊಡುವ ಆಸ್ಕಿ ಪಟ್ಟಿಯಲ್ಲಿದೆ, ನಂಬರ್ 39. ಆ ಪಟ್ಟಿ 1963ರದ್ದು, ಇರೋದೇ 128 ಜಾಗ, ಎಲ್ಲವೂ ಒಂದೊಂದೇ ಬೈಟಿನಲ್ಲಿ (ಫೈಲ್ ಕಟ್ಟಿರುವ ಪುಟ್ಟ ತುಂಡು, ಒಂದರಲ್ಲಿ ಒಂದು ಸಂಖ್ಯೆ) ಮುಗಿಯುತ್ತದೆ. ಆದರೆ ವರ್ಡ್ ಥರದ ಪ್ರೋಗ್ರಾಂಗಳು ನಾವು ಕೇಳದಿದ್ದರೂ ಅದನ್ನು ಚಂದ ಕಾಣಲಿ ಅಂತ ಬಾಗಿಸಿ ’ ಮಾಡಿಬಿಡುತ್ತವೆ. ಜಗತ್ತಿನ ಭಾಷೆಗಳ ಅಕ್ಷರಗಳಿಗೆ ನಂಬರ್ ಕೊಡುವ ಯೂನಿಕೋಡ್ ಪಟ್ಟಿಯಲ್ಲಿ ಈ ಬಾಗಿದ್ದರ ನಂಬರ್ 8217. ಒಂದು ಬೈಟಿನಲ್ಲಿ ಹಿಡಿಯೋದು 255ರವರೆಗೆ ಮಾತ್ರ, ಹಾಗಾಗಿ ಒಡೆಯಲೇಬೇಕು.

ಹೇಗೆ ಒಡೆಯಬೇಕು ಅನ್ನುವ ನಿಯಮವೇ ಯುಟಿಎಫ್-8. 1992ರಲ್ಲಿ ಕಂಪ್ಯೂಟರ್ ವಿಜ್ಞಾನಿಗಳಾದ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಊಟಕ್ಕೆ ಹೋದಾಗ, ತಟ್ಟೆ ಕೆಳಗೆ ಹಾಸುವ ಕಾಗದದ ಮೇಲೆ ಥಾಂಪ್ಸನ್ ಗೀಚಿದ ವಿನ್ಯಾಸ ಅದು. ಅದರ ಲೆಕ್ಕ 64ರ ಗುಂಪುಗಳದ್ದು, 64 ಸಲ 64 ಅಂದರೆ 4096. 8217ರಲ್ಲಿ 4096 ಎರಡು ಸಲ ಹೋಗುತ್ತದೆ, ಉಳಿಯೋದು 25. ಅದರಲ್ಲಿ 64 ಒಂದು ಸಲವೂ ಹೋಗಲ್ಲ. ಅಂದರೆ ಕೈಗೆ ಸಿಕ್ಕಿದ್ದು 2, 0, 25. ಮೊದಲನೆಯದಕ್ಕೆ 224 ಕೂಡಿಸಿ, ಉಳಿದೆರಡಕ್ಕೆ 128 ಕೂಡಿಸಿ: 226, 128, 153. ಆ 224 ಅಂದರೆ ‘ಇಲ್ಲಿಂದ ಮೂರು ಬೈಟಿನ ಅಕ್ಷರ ಶುರು’ ಅಂತ, 128 ಅಂದರೆ ‘ನಾನು ಹಿಂದಿನವನ ಬಾಲ’ ಅಂತ. ಫೈಲಿನ ನಡುವೆ ಎಲ್ಲಿ ಬಿದ್ದರೂ ಅಕ್ಷರದ ತಲೆ ಯಾವುದು, ಬಾಲ ಯಾವುದು ಗೊತ್ತಾಗುತ್ತದೆ. ನನಗಂತೂ ಇದು ಬಹಳ ಇಷ್ಟವಾಯ್ತು.

ಈಗ ಈ ಮೂರು ಬೈಟನ್ನು ವಿಂಡೋಸ್-1252 ಅನ್ನುವ ಹಳೇ ಪಟ್ಟಿ ಹಿಡಿದು ಓದಿ. ಅದರಲ್ಲಿ ಬೈಟಿಗೊಂದು ಚಿಹ್ನೆ. 226 ಅಂದರೆ ಟೋಪಿಯ ‘ಎ’, 128 ಅಂದರೆ €, 153 ಅಂದರೆ ™. ಅಷ್ಟೇ! ಬೈಟುಗಳು ನೆಟ್ಟಗೇ ಇವೆ, ಓದಿದವರು ಬೇರೆ ಪಟ್ಟಿ ನೋಡಿದ್ದಾರೆ. ಪ್ರೋಗ್ರಾಂಗೆ ಯುಟಿಎಫ್-8 ಅಂತ ಹೇಳಿ ಮತ್ತೆ ತೆರೆದರೆ ಸರಿಹೋಗುತ್ತದೆ. ಆದರೆ ತಪ್ಪಾಗಿ ಕಂಡಿದ್ದನ್ನೇ ಯುಟಿಎಫ್-8ನಲ್ಲಿ ಸೇವ್ ಮಾಡಿದಿರೋ, ಆ ಮೂರೂ ಸೇರಿ 8 ಬೈಟ್ ಆಗುತ್ತವೆ, ಮುಂದಿನ ಸಲ ತೆರೆದಾಗ ಕಸ ಇನ್ನೂ ಜಾಸ್ತಿ.

ಕನ್ನಡಕ್ಕೂ ಹೀಗೇ ಆಗುತ್ತದೆ. ನಮ್ಮ ಅಕ್ಷರಗಳ ನಂಬರ್ 3200ರಿಂದ ಶುರು, ಒಂದೊಂದಕ್ಕೂ ಮೂರು ಬೈಟ್. ‘ಕ’ ಅಂದರೆ 224, 178, 149. ನಡುವಿನ ಬೈಟ್ ಕನ್ನಡದಲ್ಲಿ 178 ಇಲ್ಲವೇ 179. ತಪ್ಪು ಪಟ್ಟಿಯಲ್ಲಿ 178 ಅಂದರೆ ಮೇಲಕ್ಕೆ ಏರಿದ ಪುಟ್ಟ 2, 179 ಅಂದರೆ ಪುಟ್ಟ 3. ಕೆಟ್ಟ ಕನ್ನಡ ಪಠ್ಯದ ತುಂಬ ಆ 2, 3 ಯಾಕೆ ಅಂತ ಈಗ ಗೊತ್ತಾಯ್ತಲ್ವಾ? ಸ್ವರ, ವ್ಯಂಜನಗಳಿಗೆ 2, ‘ಾ’ ‘ಿ’ ಬಿಟ್ಟು ಮಿಕ್ಕ ಗುಣಿತದ ಚಿಹ್ನೆಗಳಿಗೆ 3. ಸ್ವಲ್ಪ ಅಭ್ಯಾಸವಾದರೆ ಇದು ಕನ್ನಡ ಅಂತ ದೂರದಿಂದಲೇ ಹೇಳಬಹುದು.

ಎರಡನೇ, ಮೂರನೇ ಫೈಲ್ ಹೀಗೆ ಎರಡೇ ನಿಮಿಷಕ್ಕೆ ಸರಿಹೋದವು. ಮೊದಲನೆಯದನ್ನು ನಾನೇ ‘ಸ್ವಚ್ಛ’ ಮಾಡಿ ಕೂತಿದ್ದೆನಲ್ಲ, ಅಪಾಸ್ಟ್ರಫಿ ಎಲ್ಲೆಲ್ಲಿತ್ತು ಅಂತ ತಿಳಿಯುವ ದಾರಿಯೇ ಇಲ್ಲ. ಇನ್ನೊಮ್ಮೆ ಕಳಿಸಿ ಅಂತ ಕೇಳಿದೆ. ಪಾಪ, ಕಳಿಸಿದರು. ಈ ಸಲ ಟೋಪಿ ಇಲ್ಲ, ಎಲ್ಲ ಕಡೆ ‘?’. ಬೈಟ್ ತೆಗೆದು ನೋಡಿದರೆ ನಿಜವಾಗಿಯೂ 63, ಅಂದರೆ ಅಪ್ಪಟ ಪ್ರಶ್ನಾರ್ಥಕ ಚಿಹ್ನೆ. ಅವರ ಕಡೆ ಯಾವುದೋ ಪ್ರೋಗ್ರಾಂ ತನಗೆ ಗೊತ್ತಿಲ್ಲದ ಅಕ್ಷರವನ್ನೆಲ್ಲ ಎಸೆದು ಆ ಜಾಗದಲ್ಲಿ ‘?’ ತುಂಬಿದೆ. ಈಗ ಒಂದೊಂದೇ ಸಾಲು ಓದಿ ಕೈಯಿಂದ ತಿದ್ದುತ್ತಿದ್ದೇನೆ.