ಬ್ರೌಸರ್ ಬೆರಳಚ್ಚು ಪ್ರಯೋಗ: ನಾಲ್ಕು ಭಾನುವಾರಗಳ ಟಿಪ್ಪಣಿ

ಮೊದಲ ಭಾನುವಾರ

ಕುಕಿಗಳನ್ನು (ನಮ್ಮನ್ನು ನೆನಪಿಡಲು ತಾಣಗಳು ಬ್ರೌಸರಿನಲ್ಲಿ ಇಡುವ ಪುಟ್ಟ ಗುರುತುಗಳು) ಅಳಿಸಿ, ಖಾಸಗಿ ಕಿಟಕಿಯಲ್ಲಿ ತೆರೆದು, ಮೇಲೆ ನಮ್ಮ ಇಂಟರ್ನೆಟ್ ವಿಳಾಸ ಮರೆಸುವ ವಿಪಿಎನ್ ಕೂಡ ಹಾಕಿಕೊಂಡರೆ ಜಾಲತಾಣಕ್ಕೆ ನನ್ನ ಗುರುತು ಸಿಗುವುದಿಲ್ಲ ಎಂದು ಬಹಳ ದಿನ ನಂಬಿದ್ದೆ. ನಂಬಿಕೆ ನಿಜವೇ ಎಂದು ನೋಡಲು ನಾನೇ ಒಂದು ಪತ್ತೇದಾರಿ ಪುಟ ಕಟ್ಟುತ್ತಿದ್ದೇನೆ. ಪೈಥಾನ್‌ನ ಪುಟ್ಟ ಸರ್ವರ್, ನೂರಿಪ್ಪತ್ತು ಸಾಲಿನ ಜಾವಾಸ್ಕ್ರಿಪ್ಟ್, ಅಷ್ಟೇ. ಮನೆಯ ವೈಫೈ ದಾಟಿ ಅದು ಹೊರಗೆ ಹೋಗುವುದಿಲ್ಲ. ಕುಕಿಯನ್ನೂ ಇಡುವುದಿಲ್ಲ. ಪರದೆಯ ಅಳತೆ, ಭಾಷೆ, ಕಾಲವಲಯ, ಪ್ರೊಸೆಸರ್ ಕೋರ್‌ಗಳ ಸಂಖ್ಯೆ ಹೀಗೆ ಬ್ರೌಸರ್ ಕೇಳಿದೊಡನೆ ಹೇಳಿಬಿಡುವ ಸಂಗತಿಗಳನ್ನು ಒಂದು ಸಾಲಿನಲ್ಲಿ ಬರೆದಿಡುತ್ತದೆ.

ಸಾಮಾನ್ಯ ಕಿಟಕಿಯಲ್ಲಿ ತೆರೆದಾಗ ಒಂದು ಸಾಲು ಬಂತು. ಖಾಸಗಿ ಕಿಟಕಿಯಲ್ಲಿ ತೆರೆದಾಗ ಬಂದ ಸಾಲು ಅದರ ಪಡಿಯಚ್ಚು. ಖಾಸಗಿ ಕಿಟಕಿ ನನ್ನ ಲ್ಯಾಪ್‌ಟಾಪಿನಲ್ಲಿ ಉಳಿಯುವ ಇತಿಹಾಸವನ್ನು ಅಳಿಸುತ್ತದೆ, ಎದುರಿನವರ ಕಣ್ಣನ್ನು ಮುಚ್ಚುವುದಿಲ್ಲ.

ವಿಪಿಎನ್‌ನಲ್ಲಿ ಜರ್ಮನಿಯ ಸರ್ವರ್ ಆರಿಸಿಕೊಂಡೆ. ಹೊರಗಿನ ತಾಣಗಳಿಗೆ ಈಗ ಜರ್ಮನಿಯ ವಿಳಾಸ ಕಾಣುತ್ತದೆ. ಆದರೆ ನನ್ನ ಪುಟ ಕಾಲವಲಯ ಕೇಳಿದಾಗ ಬಂದ ಉತ್ತರ –330 ನಿಮಿಷ, ಅಂದರೆ ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದೆ. ಜರ್ಮನಿಯ ವಿಳಾಸ, ಭಾರತದ ಗಡಿಯಾರ: ಇಂಥ ಜೋಡಿ ಎಷ್ಟು ಜನರಲ್ಲಿ ಇದ್ದೀತು? ಇನ್ನೊಂದು ವಿಷಯ ನನಗೆ ಹೊಸದು. ನನ್ನ ಕ್ರೋಮ್ ಈ ವಲಯವನ್ನು ‘ಏಷ್ಯಾ/ಕಲ್ಕಟ್ಟಾ’ ಎನ್ನುತ್ತದೆ, ಫೈರ್‌ಫಾಕ್ಸ್ ‘ಏಷ್ಯಾ/ಕೋಲ್ಕತಾ’ ಎನ್ನುತ್ತದೆ. ಬ್ರೌಸರಿನ ಹೆಸರು ಬದಲಿಸುವ ವಿಸ್ತರಣೆ ಹಾಕಿ ಕ್ರೋಮನ್ನು ಫೈರ್‌ಫಾಕ್ಸ್ ಎಂದು ಹೇಳಿಸಿದರೂ ಊರಿನ ಹಳೆಯ ಹೆಸರು ಸುಳ್ಳನ್ನು ಬಯಲು ಮಾಡುತ್ತದೆ. ಮರೆಮಾಚಲು ಹಾಕಿದ ಸಲಕರಣೆಯೇ ಹೊಸ ಗುರುತಾಗುತ್ತದೆ ಎಂಬುದು ಮೊದಲ ದಿನವೇ ಕಣ್ಣಿಗೆ ಬಿತ್ತು.

ಎರಡನೆಯ ಭಾನುವಾರ

ಕುಕಿಯಿಲ್ಲದೆ, ಇಂಥ ಸಣ್ಣ ಸಂಗತಿಗಳನ್ನು ಕೂಡಿಸಿ ಒಂದು ಬ್ರೌಸರನ್ನು ಗುರುತು ಹಿಡಿಯುವ ಈ ವಿದ್ಯೆಗೆ ಬ್ರೌಸರ್ ಬೆರಳಚ್ಚು ಎಂದು ಹೆಸರು. 2010ರಲ್ಲಿ ಅಮೆರಿಕದ ಡಿಜಿಟಲ್ ಹಕ್ಕುಗಳ ಸಂಸ್ಥೆ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್‌ನ ಪೀಟರ್ ಎಕರ್ಸ್ಲಿ ಇದನ್ನು ಅಳೆದು ತೋರಿಸಿದರು. ಅವರ ಪ್ಯಾನಾಪ್ಟಿಕ್ಲಿಕ್ ಪ್ರಯೋಗಕ್ಕೆ ಸಿಕ್ಕ 4,70,161 ಬ್ರೌಸರ್‌ಗಳಲ್ಲಿ ಶೇ. 83.6ರಷ್ಟಕ್ಕೆ ಜೋಡಿಯೇ ಇರಲಿಲ್ಲ. ಲೆಕ್ಕ ಬಿಟ್‌ಗಳಲ್ಲಿ ನಡೆಯುತ್ತದೆ: ಗುಂಪನ್ನು ಅರ್ಧಕ್ಕೆ ಇಳಿಸುವ ಒಂದೊಂದು ಸುಳಿವೂ ಒಂದು ಬಿಟ್. ಅಂಥ 33 ಬಿಟ್ ಕೂಡಿದರೆ ಭೂಮಿಯ ಮೇಲಿನ ಎಲ್ಲರಲ್ಲಿ ಒಬ್ಬರನ್ನು ಬೇರ್ಪಡಿಸಬಹುದು. ಎಕರ್ಸ್ಲಿ ಅಳೆದ ಬೆರಳಚ್ಚಿನಲ್ಲಿ ಇದ್ದದ್ದು ಕನಿಷ್ಠ 18.1 ಬಿಟ್.

ಇಂದು ಬ್ರೌಸರಿನಿಂದ ಚಿತ್ರ ಬರೆಸುವ ಕ್ಯಾನ್ವಾಸ್ ಎಂಬ ಭಾಗ ಸೇರಿಸಿದೆ. ಪುಟವು ಕಾಣದಂತೆ ಒಂದು ಚಿತ್ರ ಬರೆಸಿ, ಅದರ ಚುಕ್ಕೆಗಳನ್ನೆಲ್ಲ ಓದಿ, ಒಂದು ಹ್ಯಾಷ್ ಆಗಿ, ಅಂದರೆ ಒಂದು ಚುಕ್ಕೆ ಬದಲಾದರೂ ತಾನೂ ಬದಲಾಗುವ ಚಿಕ್ಕ ಅಕ್ಷರಸಾಲಾಗಿ, ಕುಗ್ಗಿಸುತ್ತದೆ. ಗ್ರಾಫಿಕ್ಸ್ ಕಾರ್ಡು, ಫಾಂಟು, ಅಕ್ಷರದ ಅಂಚನ್ನು ನಯಗೊಳಿಸುವ ರೀತಿ ಇವುಗಳಲ್ಲಿ ಯಾವುದು ಬದಲಾದರೂ ಹ್ಯಾಷ್ ಬದಲಾಗಬಹುದು. ಕೀಟನ್ ಮೌರಿ ಮತ್ತು ಹೊವಾವ್ ಶಾಖಂ 2012ರಲ್ಲಿ ಇದನ್ನು ವಿವರಿಸಿದರು. ಎರಡೇ ವರ್ಷದಲ್ಲಿ, ಹೆಚ್ಚು ಜನ ನೋಡುವ ಒಂದು ಲಕ್ಷ ತಾಣಗಳಲ್ಲಿ ಶೇ. 5ಕ್ಕೂ ಹೆಚ್ಚು ಇದನ್ನು ಬಳಸುತ್ತಿರುವುದು ಪ್ರಿನ್ಸ್‌ಟನ್ ಮತ್ತು ಲ್ಯೂವನ್ ವಿಶ್ವವಿದ್ಯಾಲಯಗಳ ಸಂಶೋಧಕರಿಗೆ ಕಂಡಿತು.

ನಾನು ಬರೆಸುವ ಪದ ‘ಕರ್ತೃತ್ವ’. ಅರ್ಕಾವತ್ತು, ಋಕಾರದ ಸುಳಿ, ವ ಒತ್ತು ಮೂರೂ ಒಂದೇ ಪದದಲ್ಲಿವೆ. ಹ್ಯಾಷ್ ಆಗುವ ಮೊದಲು ಎರಡು ಯಂತ್ರಗಳ ಚಿತ್ರವನ್ನು ಹತ್ತು ಪಟ್ಟು ದೊಡ್ಡದು ಮಾಡಿ ಅಕ್ಕಪಕ್ಕ ಇಟ್ಟೆ. ವಿಂಡೋಸ್ ಲ್ಯಾಪ್‌ಟಾಪಿನ ನಿರ್ಮಲಾ ಫಾಂಟಿನಲ್ಲಿ ಅರ್ಕಾವತ್ತು ಕೂತ ಜಾಗಕ್ಕೂ ಫೋನಿನ ನೋಟೋ ಫಾಂಟಿನಲ್ಲಿ ಅದು ಕೂತ ಜಾಗಕ್ಕೂ ಕೂದಲೆಳೆಯ ವ್ಯತ್ಯಾಸ. ಓದುವ ಕಣ್ಣಿಗೆ ಅದು ತಿಳಿಯುವುದಿಲ್ಲ, ಹ್ಯಾಷ್‌ಗೆ ಅಷ್ಟು ಸಾಕು.

ಮೂರನೆಯ ಭಾನುವಾರ

ಫಾಂಟುಗಳ ದಿನ. ಇಡೀ ದಿನ ಇದಕ್ಕೇ ಹೋಯಿತು, ಮತ್ತು ನನ್ನನ್ನು ಹೆಚ್ಚು ಕಾಡಿದ್ದೂ ಇದೇ.

ಯಾವ ಫಾಂಟು ಇದೆ ಎಂದು ತಾಣವು ನೇರವಾಗಿ ಕೇಳಬೇಕಿಲ್ಲ. ಒಂದು ಪದವನ್ನು ಮಾಮೂಲಿ ಫಾಂಟಿನಲ್ಲಿ ಬರೆಸಿ ಅಗಲ ಅಳೆಯುತ್ತದೆ, ಆಮೇಲೆ ಹುಡುಕುತ್ತಿರುವ ಫಾಂಟಿನ ಹೆಸರು ಕೊಟ್ಟು ಬರೆಸಿ ಮತ್ತೆ ಅಳೆಯುತ್ತದೆ. ಅಗಲ ಬದಲಾದರೆ ಆ ಫಾಂಟು ಇದೆ. ಸಂಘದ ಪತ್ರಿಕೆಯ ಪುಟವಿನ್ಯಾಸ ನಾನೇ ಮಾಡುವುದರಿಂದ ಲ್ಯಾಪ್‌ಟಾಪಿನಲ್ಲಿ ನುಡಿ, ಬರಹ, ಗುಬ್ಬಿ, ನವಿಲು ಎಲ್ಲವೂ ಇವೆ. ಕನ್ನಡ ಪದದಿಂದ ಅಳೆದಾಗ ಗುಬ್ಬಿ, ನವಿಲು ಸಿಕ್ಕಿದವು. ನಿರ್ಮಲಾ ಮಾತ್ರ ‘ಇಲ್ಲ’ ಎಂದು ಬಂತು. ಕಾರಣ ಹೊಳೆಯಲು ಸಂಜೆಯಾಯಿತು: ಇಂಗ್ಲಿಷ್‌ನ ಮಾಮೂಲಿ ಫಾಂಟಿನಲ್ಲಿ ಕನ್ನಡ ಅಕ್ಷರಗಳಿಲ್ಲ, ಆಗ ಬ್ರೌಸರ್ ತಾನೇ ನಿರ್ಮಲಾಗೆ ಹೋಗುತ್ತದೆ. ಎರಡು ಸಲವೂ ಅಳೆದದ್ದು ನಿರ್ಮಲಾವನ್ನೇ, ಅಗಲ ಬದಲಾಗುವುದಾದರೂ ಹೇಗೆ?

ಇಂಗ್ಲಿಷ್ ಅಕ್ಷರಗಳಿಂದ ಅಳೆದಾಗ ಮಾತ್ರ ನಾನು ಬೆಚ್ಚಿದೆ. ಹಳೆಯ ನುಡಿ ಮತ್ತು ಬರಹ ಫಾಂಟುಗಳು ಎಲ್ಲ ಭಾಷೆಯ ಅಕ್ಷರಗಳಿಗೂ ತಮ್ಮದೇ ಜಾಗ ಕೊಡುವ ಯೂನಿಕೋಡ್‌ಗಿಂತ ಹಿಂದಿನ ಕ್ರಮದವು, ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿಕೊಂಡಿವೆ. ಹಾಗಾಗಿ ಕನ್ನಡವೆಂಬ ಭಾಷೆ ಇದೆ ಎಂದೇ ತಿಳಿಯದ ಸ್ಕ್ರಿಪ್ಟ್ ಕೂಡ ಹೆಸರಿನ ಪಟ್ಟಿಯೊಂದಿದ್ದರೆ ಇವುಗಳನ್ನು ತಕ್ಷಣ ಹಿಡಿಯುತ್ತದೆ. ನುಡಿ ಫಾಂಟು ಇರುವ ಯಂತ್ರ ಯಾರದು? ಕರ್ನಾಟಕದ ಸರ್ಕಾರಿ ಕಚೇರಿ, ಡಿಟಿಪಿ ಅಂಗಡಿ, ಪತ್ರಿಕೆ, ನನ್ನಂಥವರ ಮನೆ. ಒಂದೇ ಒಂದು ಅಗಲದ ಅಳತೆ ಇಷ್ಟನ್ನು ಹೇಳಿಬಿಡುತ್ತದೆ.

ಪರಿಹಾರವೂ ಅರ್ಧ ಸಿಕ್ಕಿದೆ. ಫೈರ್‌ಫಾಕ್ಸ್ 2023ರ 118ನೇ ಆವೃತ್ತಿಯಿಂದ ಖಾಸಗಿ ಕಿಟಕಿಯಲ್ಲಿ ವ್ಯವಸ್ಥೆಯ ಜೊತೆ ಬಂದ ಫಾಂಟುಗಳನ್ನು ಮಾತ್ರ ತಾಣಗಳಿಗೆ ಕಾಣಿಸುತ್ತದೆ. ಅಲ್ಲಿ ನನ್ನ ನಾಲ್ಕೂ ಮಾಯವಾದವು.

ನಾಲ್ಕನೆಯ ಭಾನುವಾರ

ಅಕ್ಕ ಮತ್ತು ಭಾವ ಒಂದೇ ದಿನ ಕೊಂಡ ಒಂದೇ ಮಾದರಿಯ ಫೋನುಗಳು ಕೈಗೆ ಬಂದವು. “ಭಾವ, ಹತ್ತು ನಿಮಿಷ ಕೊಡುತ್ತೀರಾ?” ಎಂದು ಕೇಳಿ ಎರಡರಲ್ಲೂ ಪುಟ ತೆರೆದೆ. ಕ್ಯಾನ್ವಾಸ್ ಹ್ಯಾಷ್ 64 ಅಕ್ಷರವೂ ಒಂದೇ. ಪರದೆ ಒಂದೇ, ಫಾಂಟು ಒಂದೇ. ಬೇರೆಯಾದದ್ದು ಒಂದೇ ಜಾಗ: ಭಾವನ ಫೋನು ಇಂಗ್ಲಿಷ್‌ನಲ್ಲಿದೆ, ಅಕ್ಕನದು ಕನ್ನಡದಲ್ಲಿ. ಬ್ರೌಸರ್ ಪ್ರತಿ ತಾಣಕ್ಕೂ ಈ ಭಾಷೆಯ ಪಟ್ಟಿಯನ್ನು ಕಳುಹಿಸುತ್ತದೆ.

“ಹಾಗಾದರೆ ಕನ್ನಡ ಇಟ್ಟುಕೊಂಡಿದ್ದಕ್ಕೆ ನನ್ನನ್ನು ಬೇಗ ಗುರುತು ಹಿಡಿಯುತ್ತಾರೆಯೇ?” ಎಂದು ಅಕ್ಕ ಕೇಳಿದಳು. ಹೌದು ಎನ್ನಲು ಮನಸ್ಸು ಬರಲಿಲ್ಲ, ಆದರೆ ಉತ್ತರ ಅದೇ.

ರಾತ್ರಿ ಲ್ಯಾಪ್‌ಟಾಪಿನ ಫೈರ್‌ಫಾಕ್ಸ್‌ನಲ್ಲಿ ಬೆರಳಚ್ಚು ತಡೆಯುವ ಕಟ್ಟುನಿಟ್ಟಿನ ಆಯ್ಕೆಯನ್ನು ಚಾಲೂ ಮಾಡಿದೆ. –330 ಇದ್ದದ್ದು ಸೊನ್ನೆಯಾಯಿತು. ಸಂಜೆ 6ರ ಕಾರ್ಯಕ್ರಮವನ್ನು ಪುಟಗಳು ಮಧ್ಯಾಹ್ನ 12.30 ಎಂದು ತೋರಿಸತೊಡಗಿದವು, ಅದನ್ನು ಸಹಿಸಬಹುದು. ಆಮೇಲೆ ಒಂದು ಪ್ರಶ್ನೆ ಬಂತು: ಪುಟಗಳನ್ನು ಇಂಗ್ಲಿಷ್‌ನಲ್ಲಿ ಕೇಳಿದರೆ ನಿಮ್ಮನ್ನು ಗುರುತಿಸುವುದು ಕಷ್ಟವಾಗುತ್ತದೆ, ಹಾಗೆ ಮಾಡೋಣವೇ? ಲೆಕ್ಕದ ಪ್ರಕಾರ ಸಲಹೆ ಸರಿಯಾದದ್ದೇ. ಎಲ್ಲರೂ ಒಂದೇ ರೀತಿ ಕಂಡರೆ ಮಾತ್ರ ಈ ತಡೆ ಕೆಲಸ ಮಾಡುತ್ತದೆ. ಆದರೂ ಮರೆಯಾಗಲು ನನ್ನ ನುಡಿಯನ್ನೇ ಬಿಟ್ಟುಕೊಡಬೇಕೆಂಬುದು ನನಗೆ ಒಪ್ಪಿಗೆಯಲ್ಲ. ಬೇಡ ಎಂದು ಒತ್ತಿದೆ.

ನುಡಿ, ಬರಹ ಫಾಂಟುಗಳನ್ನು ಲ್ಯಾಪ್‌ಟಾಪಿನಿಂದ ತೆಗೆದು ಪೆನ್‌ಡ್ರೈವ್‌ಗೆ ಹಾಕಿದ್ದೇನೆ. ಪತ್ರಿಕೆಯ ಕೆಲಸವಿರುವ ದಿನ ಹಾಕಿ, ಮುಗಿದ ಮೇಲೆ ತೆಗೆಯುತ್ತೇನೆ. ಧ್ವನಿಯಿಂದ ಬೆರಳಚ್ಚು ತೆಗೆಯುವ ಭಾಗ ಮುಂದಿನ ವಾರಕ್ಕೆ.

ಇದನ್ನು ಬರೆಯುತ್ತಿರುವಾಗ ಭಾವ ತಮ್ಮ ಫೋನನ್ನೂ ಕನ್ನಡಕ್ಕೆ ಬದಲಿಸಿ ಪುಟವನ್ನು ಮತ್ತೊಮ್ಮೆ ತೆರೆದರು. ಎರಡೂ ಸಾಲುಗಳನ್ನು ಮೂರು ಸಲ ಹೋಲಿಸಿದೆ. ಯಾವುದು ಅಕ್ಕನದು, ಯಾವುದು ಭಾವನದು ಎಂದು ನನ್ನ ಪುಟಕ್ಕೆ ಈಗ ಹೇಳಲಾಗುತ್ತಿಲ್ಲ.