ಮಾತ್ರೆ ಡಬ್ಬಿಯಲ್ಲಿ ಇಲ್ಲದ ಔಷಧಿ

ಅಮ್ಮನಿಗೆ ಕೋವಿಡ್ ಬಂದಾಗ ಡಾಕ್ಟರು ಫೋನಿನಲ್ಲಿ ಕೇಳಿದರು, “ಈಗ ಯಾವ್ಯಾವ ಮಾತ್ರೆ ತಗೋತಿದ್ದಾರೆ?” ನಾನು ಮಾತ್ರೆ ಡಬ್ಬಿ ಮುಂದಿಟ್ಟುಕೊಂಡು ಒಂದೊಂದೇ ಓದಿದೆ. ಬಿಪಿಯದ್ದು, ಥೈರಾಯ್ಡಿನದ್ದು, ಮಲಬದ್ಧತೆಗೆ ಒಂದು. ಬಿಪಿಯ ಅಮ್ಲೋಡಿಪಿನ್ ಹೆಸರು ಕೇಳಿದ ಕೂಡಲೇ ಅವರು ತಡೆದು, ಅದನ್ನು ಸದ್ಯಕ್ಕೆ ಅರ್ಧ ಮಾಡಿ ಕೊಡಿ ಅಂದರು. ಅಷ್ಟು ಹುಷಾರಿನ ಮನುಷ್ಯ. ಆದರೆ ಅಮ್ಮನ ಬೆನ್ನಿನ ಮೇಲೆ, ಹೆಗಲ ಕೆಳಗೆ, ಫೆಂಟನಿಲ್ ಪ್ಯಾಚ್ ಅಂಟಿಕೊಂಡಿತ್ತು, ಚರ್ಮದ ಮೂಲಕ ಒಳಗಿಳಿಯುವ ಬಲವಾದ ನೋವಿನ ಔಷಧಿ. ಅದನ್ನು ನಾನು ಹೇಳಲೇ ಇಲ್ಲ. ಅದು ಮಾತ್ರೆ ಅಲ್ವಲ್ಲ!

ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದ ಮೇಲೆ ಶುರುವಾದ ಪ್ಯಾಚ್ ಅದು. 72 ಗಂಟೆಗೊಮ್ಮೆ ಬದಲಾಯಿಸುತ್ತಿದ್ದವಳು ನಾನೇ. ತಿಂಗಳುಗಟ್ಟಲೆ ಮಾಡಿ ಮಾಡಿ, ಅದು ಔಷಧಿ ಅನ್ನುವುದೇ ಮರೆತುಹೋಗಿತ್ತು. ಬ್ಯಾಂಡೇಜ್ ಬದಲಾಯಿಸಿದ ಹಾಗೆ ಬದಲಾಯಿಸುತ್ತಿದ್ದೆ.

ಡಾಕ್ಟರು ಬರೆದದ್ದು ಪ್ಯಾಕ್ಸ್‌ಲೋವಿಡ್. ಹೊತ್ತಿಗೆ ಮೂರು ಮಾತ್ರೆ, ದಿನಕ್ಕೆ ಎರಡು ಹೊತ್ತು, ಐದು ದಿನ. ಮೂರರಲ್ಲಿ ಎರಡು ನಿರ್ಮಾಟ್ರೆಲ್ವಿರ್, ವೈರಸ್ ಜೊತೆ ಗುದ್ದಾಡುವುದು ಅವೇ. ಮೂರನೆಯದು ರಿಟೋನಾವಿರ್. ಇದರ ಕೆಲಸವೇ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಎರಡನೇ ದಿನ ಸಂಜೆ ಅಮ್ಮ ಜಾಸ್ತಿ ನಿದ್ದೆ ಮಾಡತೊಡಗಿದರು. ಜ್ವರದ ಸುಸ್ತು, ಮಲಗಲಿ ಬಿಡು ಅಂದುಕೊಂಡೆ. ನೋವಿನಿಂದ ರಾತ್ರಿಯೆಲ್ಲ ಹೊರಳಾಡುವವರು ಸದ್ದಿಲ್ಲದೆ ಮಲಗಿದ್ದು ನೋಡಿ ನನಗೆ ಸಮಾಧಾನವೇ ಆಯಿತು. ಈಗಲೂ ನನ್ನನ್ನು ಚುಚ್ಚುವುದು ಆ ಸಮಾಧಾನ. ರಾತ್ರಿ ಹನ್ನೊಂದರ ಹೊತ್ತಿಗೆ ಗೊರಕೆ ಶುರುವಾಯಿತು. ಅಮ್ಮನ ಗೊರಕೆ ನನಗೆ ಗೊತ್ತು, ಇದು ಅದಲ್ಲ. ಗಂಟಲಲ್ಲಿ ಗೊರಗೊರ ಸದ್ದು, ಆಮೇಲೆ ಸುಮಾರು ಹೊತ್ತು ಏನೂ ಇಲ್ಲ. ಮತ್ತೆ ಸದ್ದು. ಗಡಿಯಾರ ನೋಡುತ್ತಾ ಎಣಿಸಿದೆ. ನಿಮಿಷಕ್ಕೆ ಎಂಟೇ ಉಸಿರು. ಹೆಸರು ಹಿಡಿದು ಕೂಗಿದೆ, ಅಲುಗಾಡಿಸಿದೆ. “ಹ್ಞೂಂ” ಅಂದು ಮತ್ತೆ ಮುಳುಗಿದರು. ಕಣ್ಣು ಬಿಡಿಸಿ ನೋಡಿದರೆ ಪಾಪೆ ಗುಂಡುಸೂಜಿಯ ತಲೆಯಷ್ಟಾಗಿತ್ತು.

ಆಂಬುಲೆನ್ಸ್‌ಗೆ ಫೋನ್ ಮಾಡಿದಾಗ ಆ ಕಡೆಯ ಹೆಂಗಸು ಬೇರೆಯೇ ಥರ ಕೇಳಿದರು. “ನೋವಿಗೆ ಏನಾದರೂ ಕೊಡ್ತಿದ್ದೀರಾ? ಮಾತ್ರೆ, ಸಿರಪ್, ಪ್ಯಾಚ್?” ಪ್ಯಾಚ್ ಅನ್ನುವ ಒಂದು ಪದ ಕಿವಿಗೆ ಬಿದ್ದದ್ದೇ ತಡ, ನನ್ನ ಕೈ ತಣ್ಣಗಾಯಿತು. “ಮೊದಲು ಅದನ್ನು ಕಿತ್ತು ಹಾಕಿ” ಅಂದರು.

ಆಸ್ಪತ್ರೆಯಲ್ಲಿ ನಲೋಕ್ಸೋನ್ ಕೊಟ್ಟರು, ಫೆಂಟನಿಲ್‌ನಂಥ ಔಷಧಿಗಳ ಪ್ರಭಾವ ತಡೆಯುವ ಮದ್ದು ಅದು. ಕೆಲವೇ ನಿಮಿಷಗಳಲ್ಲಿ ಅಮ್ಮ ಕಣ್ಣು ಬಿಟ್ಟರು, ನೋವು ಅಂತ ನರಳಿದರು. ಮುಗಿಯಿತು ಅಂದುಕೊಂಡೆ. ಮುಗಿದಿರಲಿಲ್ಲ. ನಲೋಕ್ಸೋನ್ ಪ್ರಭಾವ ಹೆಚ್ಚೆಂದರೆ ಒಂದೂವರೆ ಗಂಟೆ. ಪ್ಯಾಚ್ ಕಿತ್ತರೂ ಚರ್ಮದೊಳಗೆ ಸೇರಿಕೊಂಡ ಫೆಂಟನಿಲ್ ರಕ್ತಕ್ಕೆ ಇಳಿಯುತ್ತಲೇ ಇರುತ್ತದೆ. ಮಾಮೂಲಿ ಆರೋಗ್ಯದಲ್ಲೇ ಅದು ಅರ್ಧಕ್ಕೆ ಇಳಿಯಲು ಹದಿನೇಳು ಗಂಟೆ, ಕೆಲವೊಮ್ಮೆ ಅದಕ್ಕೂ ಜಾಸ್ತಿ ಬೇಕು. ಹಾಗಾಗಿ ನಲೋಕ್ಸೋನನ್ನು ಡ್ರಿಪ್‌ನಲ್ಲಿ ಹಾಕಿ, ಪಕ್ಕದಲ್ಲೇ ಉಸಿರು ಎಣಿಸುತ್ತಾ ಕೂತರು.

ಬೆಳಗಿನ ಜಾವ ಅಲ್ಲಿನ ಚಿಕ್ಕ ಡಾಕ್ಟರೊಬ್ಬರು ನನಗೆ ಬಿಡಿಸಿ ಹೇಳಿದರು. ಲಿವರ್‌ನಲ್ಲಿ ಸಿವೈಪಿ3ಎ4 ಅನ್ನುವ ಕಿಣ್ವ ಇದೆ. ಬಹಳಷ್ಟು ಔಷಧಿಗಳನ್ನು ಒಡೆದು ಹೊರಹಾಕುವುದು ಅದೇ. ರಿಟೋನಾವಿರ್ ಅದರ ಕೈ ಕಟ್ಟಿಹಾಕುತ್ತದೆ, ಬೇಕೆಂದೇ. ಇಲ್ಲದಿದ್ದರೆ ನಿರ್ಮಾಟ್ರೆಲ್ವಿರ್ ಬೇಗ ಕರಗಿಹೋಗಿ ವೈರಸ್‌ಗೆ ಏನೂ ಆಗುವುದಿಲ್ಲ. 1996ರಲ್ಲಿ ಎಚ್‌ಐವಿಗೆಂದು ಬಂದ ಔಷಧಿ ಇದು. ಆಮೇಲೆ ಬೇರೆ ಔಷಧಿಗಳಿಗೆ ಬಲ ತುಂಬುವುದೇ ಇದರ ಮುಖ್ಯ ಕೆಲಸವಾಯಿತು. ಫೆಂಟನಿಲ್ಲನ್ನು ಒಡೆಯುವುದೂ ಅದೇ ಕಿಣ್ವ. ಪ್ಯಾಚ್ ಎಂದಿನಂತೆ ಸುರಿಯುತ್ತಿದೆ, ಖಾಲಿ ಮಾಡುವವರು ಯಾರೂ ಇಲ್ಲ. ಸಾಲದ್ದಕ್ಕೆ ಜ್ವರ ಬೇರೆ. ಮೈ ಬಿಸಿಯಾದಷ್ಟೂ ಪ್ಯಾಚಿನಿಂದ ಔಷಧಿ ಜಾಸ್ತಿ ಒಳಗೆ ಹೋಗುತ್ತದೆ. (ಬೆನ್ನಿಗೆ ಬಿಸಿನೀರಿನ ಚೀಲ ಇಡುವವರೂ ಇದನ್ನು ಗಮನಿಸಿ. ನಾನೂ ಇಡುತ್ತಿದ್ದೆ.)

ಫೆಂಟನಿಲ್ ಜಾತಿಯದ್ದೇ ನೋವಿನ ಔಷಧಿ ಆಕ್ಸಿಕೋಡೋನ್ ಕಥೆಯೂ ಹೆಚ್ಚುಕಡಿಮೆ ಇದೇ ಅಂದರು. ಅದೇ ಜಾತಿಯ ಪೆಥಿಡಿನ್ ಅಂತೂ ರಿಟೋನಾವಿರ್ ಜೊತೆ ಕೊಡಲೇಬಾರದು. ಮಾರ್ಫಿನ್ ಒಡೆಯುವ ದಾರಿ ಬೇರೆ. ವಿಚಿತ್ರ ಅನ್ನಿಸಿದ್ದು ಇನ್ನೊಂದು. ಎಚ್‌ಐವಿಗೆ ಕೊಡುವ ಎಫಾವಿರೆಂಜ್ ಇದಕ್ಕೆ ಉಲ್ಟಾ. ಅದು ಲಿವರ್‌ನ ಕೆಲಸ ಚುರುಕು ಮಾಡುತ್ತದೆ, ಇದೇ ಜಾತಿಯ ಮೆಥಡೋನ್ ತೆಗೆದುಕೊಳ್ಳುವವರಿಗೆ ಆ ಮೆಥಡೋನ್ ಸಾಲದೇ ಹೋಗಿ ಮೈ ನಡುಕ, ಬೆವರು ಶುರುವಾಗಬಹುದು. ಹೊಸ ಔಷಧಿ ಶುರು ಮಾಡುವಾಗ ಮಾತ್ರವಲ್ಲ, ನಿಲ್ಲಿಸುವಾಗಲೂ ಲೆಕ್ಕ ತಪ್ಪುತ್ತದೆ. ರಿಟೋನಾವಿರ್ ನಿಂತ ಮೇಲೂ ಕಿಣ್ವ ಚೇತರಿಸಿಕೊಳ್ಳಲು ಕೆಲವು ದಿನ ಬೇಕಂತೆ.

ಪ್ಯಾಕ್ಸ್‌ಲೋವಿಡ್ ನಿಲ್ಲಿಸಿ, ಮೂರು ದಿನ ಕೋವಿಡ್‌ಗೆ ಕೊಡುವ ಇನ್ನೊಂದು ಔಷಧಿ ರೆಮ್ಡೆಸಿವಿರ್ ಡ್ರಿಪ್ ಹಾಕಿದರು. ನೋವಿಗೆ ಚೂರು ಚೂರೇ ಮಾರ್ಫಿನ್. ಪ್ಯಾಚ್ ಮತ್ತೆ ಶುರುವಾದದ್ದು ವಾರದ ಮೇಲೆ, ಕಡಿಮೆ ಶಕ್ತಿಯದ್ದು.

ಫೋನಿನ ಡಾಕ್ಟರ ಮೇಲೆ ಅಣ್ಣನಿಗೆ ಇನ್ನೂ ಸಿಟ್ಟಿದೆ. ನನಗಿಲ್ಲ. ಅವರು “ಮಾತ್ರೆ” ಅಂದರು, ನಾನೂ ಮಾತ್ರೆಯನ್ನೇ ಹೇಳಿದೆ.

ಈಗ ಡಬ್ಬಿಯ ಮುಚ್ಚಳದ ಮೇಲೆ ಒಂದು ಚೀಟಿ ಅಂಟಿಸಿದ್ದೇನೆ. ಮೊದಲ ಸಾಲಿನಲ್ಲೇ ಫೆಂಟನಿಲ್ ಪ್ಯಾಚ್, ಅದರ ಶಕ್ತಿ, ಅಂಟಿಸಿದ ದಿನ, ಗಂಟೆ. ಅಮ್ಮ ಕನ್ನಡಕ ಹಾಕಿಕೊಂಡು ಓದಿ, “ಕಣ್ಣಿನ ಡ್ರಾಪ್ಸ್ ಬಿಟ್ಟಿದ್ದೀಯಲ್ಲೇ” ಅಂದರು.