ಆಮೆಯ ಚಿಪ್ಪಿನ ಲೆಕ್ಕ

ಎರಡು ತಿಂಗಳಿಂದ ಆಯಿಲ್ ಪೇಂಟಿಂಗ್ ಒಂದನ್ನು ಹಿಡಿದು ಕೂತಿದ್ದೇನೆ, ಕುಮಟೆಯ ನಮ್ಮ ಮನೆಯಲ್ಲಿ ಬಣ್ಣ ತೆಳುವಾಗಿಸುವ ಟರ್ಪಂಟೈನ್ ವಾಸನೆ. ಬಂದವರೆಲ್ಲ ಮೂಗು ಮುಚ್ಚಿಕೊಂಡೇ "ಏನಿದು, ಆಮೆನಾ?" ಅಂತ ಕೇಳುತ್ತಾರೆ. ಆಮೆನೇ. ಕಡಲಾಮೆ.

ಫೆಬ್ರವರಿಯಲ್ಲಿ ಹೊನ್ನಾವರದ ಹತ್ತಿರ ಕಾಸರಕೋಡಿಗೆ ಹೋಗಿದ್ದಾಗ, ಬೆಳಗಿನ ಜಾವ ಮೊಟ್ಟೆ ಇಟ್ಟು ವಾಪಸ್ ನೀರಿಗೆ ಹೊರಟಿದ್ದ ಒಂದು ಆಲಿವ್ ರಿಡ್ಲಿ ಜಾತಿಯ ಕಡಲಾಮೆ ಕಂಡಿತ್ತು. ದೂರದಲ್ಲೇ ನಿಂತು, ಫ್ಲ್ಯಾಶ್ ಹಾಕದೆ ನಾಲ್ಕು ಫೋಟೋ ತೆಗೆದೆ. ಮೂರು ಅಲುಗಿ ಹಾಳಾದವು. ಉಳಿದ ಒಂದನ್ನೇ ನಂಬಿಕೊಂಡು ಮೇ ತಿಂಗಳಲ್ಲಿ 18x24 ಇಂಚಿನ ಕ್ಯಾನ್ವಾಸ್ ಹಿಡಿದು ಕೂತೆ.

ಬಿಳಿ ಕ್ಯಾನ್ವಾಸ್ ಎದುರು ನನ್ನ ಕೈ ಓಡುವುದೇ ಇಲ್ಲ. ಅದಕ್ಕೆ ಮೊದಲು ಬರ್ನ್ಟ್ ಅಂಬರ್ ಅನ್ನುವ ಕಡುಕಂದು ಬಣ್ಣವನ್ನು ಟರ್ಪಂಟೈನಿನಲ್ಲಿ ನೀರಾಗಿಸಿ ಇಡೀ ಕ್ಯಾನ್ವಾಸಿಗೆ ಬಳಿದು, ಬೆಳಕು ಬೀಳುವ ಕಡೆ ಹಳೇ ಬನಿಯನ್ ಬಟ್ಟೆಯಿಂದ ಒರೆಸುತ್ತಾ ಹೋಗುತ್ತೇನೆ. ಈ ಹಂತದಲ್ಲಿ ಎಣ್ಣೆ ಬೆರೆಸುವುದಿಲ್ಲ. ಅಡಿಯಲ್ಲಿ ಎಣ್ಣೆ ಜಾಸ್ತಿ, ಮೇಲೆ ಕಮ್ಮಿ ಆದರೆ ಮೇಲಿನ ಪದರ ಬೇಗ ಒಣಗಿ, ಮುಂದೆ ಯಾವತ್ತೋ ಬಿರುಕು ಬಿಡುತ್ತದೆ.

ಎಡವಟ್ಟಾಗಿದ್ದು ಚಿಪ್ಪಿನಲ್ಲಿ. ಫೋಟೋದಲ್ಲಿ ಚಿಪ್ಪಿನ ತುಂಬಾ ಮರಳು, ಗೆರೆಗಳೇ ಸರಿಯಾಗಿ ಕಾಣುತ್ತಿರಲಿಲ್ಲ. ಸುಮ್ನೆ ಇಂಟರ್ನೆಟ್‌ನಲ್ಲಿ ಸಿಕ್ಕ ಯಾವುದೋ ಕಡಲಾಮೆ ನೋಡಿಕೊಂಡು ಚಿಪ್ಪಿನ ನಡುಸಾಲಿನ ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು ಫಲಕ, ಅಂದರೆ ಚಿಪ್ಪಿನ ಬಿಲ್ಲೆ, ಬರೆದೆ. ರಂಗೋಲಿ ಹಾಗೆ ಅಚ್ಚುಕಟ್ಟು! ನಾಲ್ಕು ದಿನ ಅದಕ್ಕೇ ಬಣ್ಣ ಹಚ್ಚಿದೆ. ಆದರೂ ಯಾಕೋ ನಾನು ನೋಡಿದ ಆಮೆ ಅದಲ್ಲ ಅನ್ನಿಸುತ್ತಿತ್ತು. ಆಮೇಲೆ ಗೊತ್ತಾಯಿತು, ನಾಲ್ಕು ಜೋಡಿ ಇರುವುದು ಹಸಿರು ಕಡಲಾಮೆಗೆ. ಆಲಿವ್ ರಿಡ್ಲಿಗೆ ಸಾಮಾನ್ಯವಾಗಿ ಒಂದೊಂದು ಪಕ್ಕದಲ್ಲಿ ಐದಕ್ಕಿಂತ ಜಾಸ್ತಿ, ಅದೂ ಎರಡೂ ಕಡೆ ಸಮ ಇರಬೇಕು ಅಂತೇನಿಲ್ಲ. ಫೋಟೋ ದೊಡ್ಡದು ಮಾಡಿ ಬೆರಳಿಟ್ಟು ಎಣಿಸಿದೆ. ಎಡಕ್ಕೆ ಆರು, ಬಲಕ್ಕೆ ಏಳು. ಪ್ಯಾಲೆಟ್ ನೈಫ್ ತೆಗೆದುಕೊಂಡು ಇಡೀ ಚಿಪ್ಪು ಕೆರೆದು ಹಾಕಿದೆ. ಹೊಟ್ಟೆ ಉರಿಯಿತು, ನಿಜ. ಆದರೆ ಆಯಿಲ್ ಪೇಂಟ್ ಇನ್ನೂ ಹಸಿ ಇತ್ತಲ್ವಾ, ಅದೊಂದು ಪುಣ್ಯ.

ಎರಡನೇ ಸಲ ಬಣ್ಣವೂ ಬದಲಾಯಿತು. ಟ್ಯೂಬಿನ ಹಸಿರು ಹಚ್ಚಿದರೆ ಆಮೆ ಪ್ಲಾಸ್ಟಿಕ್ ಆಟಿಕೆ ಹಾಗೆ ಕಾಣುತ್ತದೆ. ಯೆಲ್ಲೋ ಓಕರ್‌ಗೆ ಐವರಿ ಬ್ಲ್ಯಾಕ್ ಸ್ವಲ್ಪ ಸ್ವಲ್ಪ ಬೆರೆಸಿ ನೋಡಿ, ಹಳದಿ ಮತ್ತು ಕಪ್ಪು ಸೇರಿ ಮಂಕು ಹಸಿರು ಬರುತ್ತದೆ. ಆಮೆಗೆ ಆಲಿವ್ ಅನ್ನುವ ಹೆಸರು ಬಂದಿರುವುದೇ ಆ ಬಣ್ಣದಿಂದ. ಮರಳಿಗೆ ಹಳೇ ಟೂತ್‌ಬ್ರಷ್ ಸಾಕು, ಬಣ್ಣ ಅದ್ದಿ ಹೆಬ್ಬೆರಳಿನಿಂದ ಸಿಡಿಸಿದೆ. ಗೋಡೆಗೂ ಸಿಡಿಯಿತು.

ಕಣ್ಣಿಗೆ ಹಿಡಿದಷ್ಟು ಹೊತ್ತು ಸಮುದ್ರಕ್ಕೂ ಹಿಡಿಯಲಿಲ್ಲ. ದಡಕ್ಕೆ ಬಂದ ಆಮೆಯ ಕಣ್ಣಿಂದ ನೀರು ಇಳಿಯುತ್ತಿರುತ್ತದೆ. ಅಳು ಅಲ್ಲ, ಮೈಯೊಳಗಿನ ಹೆಚ್ಚಿನ ಉಪ್ಪನ್ನು ಕಣ್ಣಿನ ಹತ್ತಿರದ ಗ್ರಂಥಿ ಹೊರಗೆ ಹಾಕುವುದು ಹಾಗೆ. ಟೈಟಾನಿಯಂ ವೈಟಿನ ಒಂದು ಚುಕ್ಕೆ ದಪ್ಪ ಆದರೂ ಸಾಕು, ಆಮೆ ಸಿನಿಮಾ ನಾಯಕಿ ಹಾಗೆ ಅಳಲು ಶುರು ಮಾಡುತ್ತದೆ. ಮೂರು ಸಲ ಒರೆಸಿದೆ.

ಅಷ್ಟರಲ್ಲಿ ಮಳೆ ಹಿಡಿಯಿತು. ಆಯಿಲ್ ಪೇಂಟಿನಲ್ಲಿರುವ ಅಗಸೆ ಎಣ್ಣೆ ನೀರಿನ ಹಾಗೆ ಆರಿ ಹೋಗುವುದಿಲ್ಲ, ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುತ್ತದೆ. ಅಂಬರ್ ಬೇಗ ಒಣಗುತ್ತದೆ, ಐವರಿ ಬ್ಲ್ಯಾಕ್ ಸತಾಯಿಸುತ್ತದೆ. "ಹಪ್ಪಳದ ಹಾಗೆ ಬಿಸಿಲಿಗೆ ಇಡೇ" ಅಂದಳು ಆಯಿ. ಜೂನ್‌ನಲ್ಲಿ ಬಿಸಿಲು ಎಲ್ಲಿಂದ ತರಲಿ? ಬಲ್ಬಿನ ಹತ್ತಿರ ಇಟ್ಟೆ. ರಾತ್ರಿ ಬೆಳಕಿಗೆ ಬಂದ ಮಳೆಹುಳಗಳೆಲ್ಲ ಹಸಿ ಸಮುದ್ರಕ್ಕೆ ಅಂಟಿಕೊಂಡವು. ಬೆಳಿಗ್ಗೆ ಚಿಮಟ ಹಿಡಿದು ಒಂದೊಂದೇ ಕಿತ್ತೆ. ಬಲಗಡೆಯ ಏಳನೇ ಫಲಕದ ಮೇಲೆ ಒಂದು ರೆಕ್ಕೆ ಮಾತ್ರ ಹಾಗೇ ಉಳಿದಿದೆ. ಮರಳಿನ ಜೊತೆ ಸೇರಿಹೋಗಿದೆ, ಬಿಡಿ.